ಹಳೆಯ ಕಾರು: ಕಾಗದ ಮೊದಲು, ಬಣ್ಣ ಆಮೇಲೆ

ವನದುರ್ಗದ ಕೋಟೆ ಸುರಪುರದ ನಾಯಕರ ಕಾಲದ್ದು. ಅದರ ಗೋಡೆಯ ಕಲ್ಲೊಂದನ್ನು ಕಿತ್ತು ಮಾರಲು ಯಾರಾದರೂ ಮುಂದಾದರೆ ಊರಿನ ಹಿರಿಯರು ತಡೆದಾರು. ಆದರೆ ಅದೇ ಸೀಮೆಯ ಹಳೆಯ ಅಡತಿ ಅಂಗಡಿಯ ಹಿತ್ತಿಲಿನಲ್ಲೋ, ಹತ್ತಿ ಜಿನ್ನಿಂಗ್ ಕಾರ್ಖಾನೆಯ ತಗಡಿನ ಷೆಡ್ಡಿನಲ್ಲೋ ಅರ್ಧ ಶತಮಾನದಿಂದ ನಿಂತ ಅಂಬಾಸಿಡರ್ ಕಾರನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಕೊಂಡೊಯ್ದರೆ ಯಾರೂ ತಡೆಯುವುದಿಲ್ಲ. ಕಲ್ಲು ಹಳೆಯದಾದರೆ ಪರಂಪರೆ, ಯಂತ್ರ ಹಳೆಯದಾದರೆ ಗುಜರಿ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಭಾವನೆಯೂ ಹರಡುತ್ತಿದೆ. ಹಳೆಯ ಕಾರೆಂದರೆ ಚಿನ್ನದ ಗಟ್ಟಿ, ಇಂದು ಕೊಂಡಿಟ್ಟರೆ ನಾಳೆ ಹತ್ತು ಪಟ್ಟು ಎಂಬ ಮಾತು ದೊಡ್ಡ ನಗರಗಳಿಂದ ಸಣ್ಣ ಪೇಟೆಗಳವರೆಗೆ ಬಂದು ತಲುಪಿದೆ. ಮೊದಲನೆಯ ಭಾವನೆಯಿಂದ ಇದ್ದ ವಸ್ತು ಕೈಬಿಡುತ್ತದೆ. ಎರಡನೆಯದರಿಂದ ವ್ಯಾಪಾರದ ಬಂಡವಾಳವೇ ಕೈಬಿಡುತ್ತದೆ. ಇವೆರಡರ ನಡುವೆ ವರ್ತಕನು ಹಿಡಿಯಬೇಕಾದ ದಾರಿ ಯಾವುದು ಎಂಬುದು ವಿಚಾರಾರ್ಹ. ಹಳೆಯ ವಾಹನದ ಬೆಲೆ ಅದರ ಹೊಳಪಿನಲ್ಲಿ ಇಲ್ಲ. ಅದು ಬದಲಾಗದೆ ಉಳಿದ ಮೂಲ ಸ್ವರೂಪದಲ್ಲಿಯೂ, ಕಡಿದುಹೋಗದ ಕಾಗದಪತ್ರಗಳಲ್ಲಿಯೂ ಇದೆ. ಈ ಎರಡನ್ನೂ ಕಾಪಾಡುವ ಶಿಸ್ತು ಲೆಕ್ಕಪತ್ರ ಬಲ್ಲ ವರ್ತಕನಿಗೆ ಹೊಸದೇನಲ್ಲ. ಆದರೆ ಆ ಕೆಲಸಕ್ಕೆ ಹೂಡಬೇಕಾದುದು ಮಿಗುತಾಯದ ಹಣವೇ ಹೊರತು ದುಡಿಯುವ ಬಂಡವಾಳವಲ್ಲ.

ಈ ಸೀಮೆಗೂ ಮೋಟಾರಿಗೂ ಇರುವ ನಂಟು

ಹಳೆಯ ಕಾರುಗಳ ಹವ್ಯಾಸ ಮೈಸೂರು, ಬೆಂಗಳೂರು, ಮುಂಬಯಿಗಳ ಸಿರಿವಂತರಿಗೆ ಮಾತ್ರ ಸೇರಿದ್ದು, ಕಲ್ಯಾಣ ಕರ್ನಾಟಕಕ್ಕೆ ಇದರ ಗೊಡವೆ ಬೇಡ ಎಂಬ ಮಾತಿದೆ. ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಪ್ರದೇಶ 1948ರವರೆಗೆ ನಿಜಾಮರ ಆಡಳಿತದಲ್ಲಿಯೂ, 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೂ ಇತ್ತು. ಆ ಸಂಸ್ಥಾನದಲ್ಲಿ ನಿಜಾಮ್ ಸರಕಾರದ ರೈಲು ಇಲಾಖೆಯ ರಸ್ತೆ ಸಾರಿಗೆ ವಿಭಾಗವು 1932ರ ಜೂನ್ ತಿಂಗಳಿನಲ್ಲಿ 27 ಆಲ್ಬಿಯನ್ ಬಸ್ಸುಗಳೊಡನೆ ಸೇವೆ ಆರಂಭಿಸಿತು. ಭಾರತದಲ್ಲಿ ಸರಕಾರವೇ ನಡೆಸಿದ ಬಸ್ ಸಾರಿಗೆಯ ಮೊದಲ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು. ನಿಜಾಮರಿಗಾಗಿ 1912ರಲ್ಲಿ ಸಿದ್ಧವಾದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ದುರಸ್ತಿಗೊಂಡು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿದೆ.

ಅರಮನೆಯ ರಥದಂತಹ ಕಾರು ಒಂದು ಕಡೆಯಾದರೆ, ದುಡಿಮೆಯ ವಾಹನ ಇನ್ನೊಂದು ಕಡೆ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಶಹಾಪುರ, ಸುರಪುರ ತಾಲ್ಲೂಕುಗಳ ಒಣ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದವು. ಅಂತಹ ಕಾಮಗಾರಿಗಳ ಕಾಲದಲ್ಲಿ ಎಂಜಿನಿಯರನೂ ಗುತ್ತಿಗೆದಾರನೂ ಕಲ್ಲುಮುಳ್ಳಿನ ದಾರಿಯಲ್ಲಿ ನೆಚ್ಚಿಕೊಂಡ ವಾಹನವೆಂದರೆ ಮಹೀಂದ್ರಾ ಜೀಪು. ಹತ್ತಿ, ತೊಗರಿ, ಶೇಂಗಾ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರು ಅಂಬಾಸಿಡರ್ ಅಥವಾ ಫಿಯೆಟ್ ಕಾರನ್ನು ಮನೆಯ ಮುಂದೆ ನಿಲ್ಲಿಸಿದರು. ಆ ತಲೆಮಾರಿನ ಶ್ರಮದ ಗುರುತು ಕೋಟೆಯ ಕಲ್ಲಿಗಿಂತ ಕಿರಿದಾದರೂ ಸುಳ್ಳಲ್ಲ.

ಕಾನೂನಿನ ಕಣ್ಣಿನಲ್ಲಿ ಹಳೆಯ ವಾಹನ

ವಿಂಟೇಜ್, ಕ್ಲಾಸಿಕ್ ಎಂಬ ಪದಗಳನ್ನು ಮಾರುವವರು ಮನಬಂದಂತೆ ಬಳಸುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಕನಿಷ್ಠ 30 ವರ್ಷ ಹಳೆಯದಾಗಿ, ಇತಿಹಾಸಕ್ಕೆ ಸರಿಹೊಂದುವ ಸ್ಥಿತಿಯಲ್ಲಿ ಉಳಿದು, ದಿನನಿತ್ಯದ ಓಡಾಟಕ್ಕೆ ಬಳಕೆಯಾಗದ ವಾಹನವನ್ನು ಐತಿಹಾಸಿಕ ವಾಹನವೆಂದು ಗಣಿಸುತ್ತದೆ. ಭಾರತದಲ್ಲಿ ಮಾನದಂಡ ಇದಕ್ಕಿಂತ ಬಿಗಿಯಾದುದು. ಕೇಂದ್ರ ಸರಕಾರವು 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ಚತುಷ್ಚಕ್ರ ವಾಹನಗಳು ಮಾತ್ರ ವಿಂಟೇಜ್ ಎನಿಸುತ್ತವೆ. ಅವು ಮೂಲ ಸ್ವರೂಪದಲ್ಲಿ ಇರಬೇಕು. ಚಾಸಿ, ಬಾಡಿ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ಹೊಸದಾಗಿ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ಪ್ರಮಾಣಪತ್ರ 10 ವರ್ಷಗಳವರೆಗೆ ಊರ್ಜಿತವಾಗಿದ್ದು, ಮರುನೋಂದಣಿಗೆ 5,000 ರೂಪಾಯಿ ತೆರಬೇಕು. ಅರ್ಜಿಯೊಡನೆ ವಿಮಾ ಪತ್ರ, ಹಳೆಯ ಆರ್‌ಸಿ, ವಿದೇಶದಿಂದ ತರಿಸಿದ ವಾಹನವಾದರೆ ಸುಂಕದ ದಾಖಲೆ ಇರಬೇಕು. ಹೊಸ ನೋಂದಣಿಗೆ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಮೊದಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಮಾರಾಟವಾದಲ್ಲಿ ಕೊಂಡವರೂ ಕೊಟ್ಟವರೂ 90 ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ಇಲ್ಲಿ ಒಂದು ಮುಖ್ಯ ಷರತ್ತಿದೆ. ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗೆ ಮಾತ್ರ ಅವಕಾಶ. ವಾರಕ್ಕೊಮ್ಮೆ ಶಹಾಪುರದ ಮಾರುಕಟ್ಟೆಗೆ ಅದೇ ಕಾರಿನಲ್ಲಿ ಹೋಗಿಬರಬೇಕೆಂಬ ಆಸೆಯುಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಅದಕ್ಕೂ ಈಗ ಖರ್ಚು ಹೆಚ್ಚಿದೆ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ರೂಪಾಯಿ ಆಯಿತು. ಹೀಗಾಗಿ ಕೊಳ್ಳುವ ಮೊದಲೇ ‘ಓಡಿಸಲಿಕ್ಕೋ, ಇರಿಸಲಿಕ್ಕೋ’ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು.

ಡೀಸೆಲ್ ಎಂಜಿನ್ನಿನ ಪೆಟ್ಟು

ಈ ನಿಯಮದಿಂದ ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಹಳ್ಳಿ ಪೇಟೆಗಳ ವಾಹನಗಳಿಗೆ. 1973ರ ನಂತರ ಪೆಟ್ರೋಲ್ ದುಬಾರಿಯಾದಾಗ, ಅಂಬಾಸಿಡರ್ ಮತ್ತು ಜೀಪುಗಳ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ದೇಶದೆಲ್ಲೆಡೆ ವಾಡಿಕೆಯಾಯಿತು. ಅಂದಿನ ಲೆಕ್ಕದಲ್ಲಿ ಅದು ತಪ್ಪಲ್ಲ, ವಾಹನ ದುಡಿಯಬೇಕಾಗಿತ್ತು. ಆದರೆ ಇಂದಿನ ಲೆಕ್ಕದಲ್ಲಿ, ಮೂಲ ಎಂಜಿನ್ ಕಳೆದುಕೊಂಡ 1972ರ ಕಾರು ವಯಸ್ಸಿನಲ್ಲಿ ಹಿರಿಯದಾದರೂ ವಿಂಟೇಜ್ ಮಾನ್ಯತೆಗೆ ಸಲ್ಲುವುದು ಕಷ್ಟ. ಕಂಪನಿಯಿಂದಲೇ ಡೀಸೆಲ್ ಎಂಜಿನ್ನಿನೊಡನೆ ಹೊರಬಂದ ಅಂಬಾಸಿಡರ್‌ಗಳ ಮಾತು ಬೇರೆ. ಅವುಗಳ ಮೂಲವೇ ಡೀಸೆಲ್.

ಮೋಟಾರು ವಾಹನ ಕಾಯಿದೆಯಂತೆ ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಹಳ್ಳಿಯ ಗ್ಯಾರೇಜಿನಲ್ಲಿ ನಡೆದ ಬದಲಾವಣೆ ಎಷ್ಟೋ ಸಲ ಕಾಗದಕ್ಕೆ ಏರಿರುವುದಿಲ್ಲ. ಆಗ ವಾಹನದ ಮೇಲಿನ ಸಂಖ್ಯೆ ಒಂದು, ಕಾಗದದ ಮೇಲಿನ ಸಂಖ್ಯೆ ಇನ್ನೊಂದು. ಗೋದಾಮಿನಲ್ಲಿ ಇರುವ ಚೀಲಕ್ಕೂ ಖಾತೆಯಲ್ಲಿ ಬರೆದ ಚೀಲಕ್ಕೂ ತಾಳೆಯಾಗದಿದ್ದರೆ ವರ್ತಕ ಏನು ಮಾಡುತ್ತಾನೋ, ಇಲ್ಲಿಯೂ ಅದನ್ನೇ ಮಾಡಬೇಕು. ವ್ಯವಹಾರ ನಿಲ್ಲಿಸಿ ತನಿಖೆ ನಡೆಸಬೇಕು. ಮನೆಯ ಷೆಡ್ಡಿನಲ್ಲಿಯೇ ಹಳೆಯ ಕಾರು ಇರುವವರು, ಒಂದು ಕಾಲದಲ್ಲಿ ಕಿತ್ತಿಟ್ಟ ಎಂಜಿನ್, ಕಾರ್ಬ್ಯುರೇಟರ್, ಮೂಲ ದೀಪಗಳು, ಚಕ್ರದ ತಟ್ಟೆಗಳು ಮೂಲೆಯಲ್ಲಿ ಬಿದ್ದಿವೆಯೇ ಎಂದು ಮೊದಲು ಹುಡುಕಬೇಕು. ಗುಜರಿಗೆ ಹೋದರೆ ಕೆಲವೇ ಕಿಲೋ ಕಬ್ಬಿಣವಾಗುವ ಆ ಭಾಗಗಳು ಕಾರಿನೊಡನೆ ಉಳಿದರೆ ಅದರ ಗುರುತಿಗೆ ಸಾಕ್ಷಿಯಾಗುತ್ತವೆ.

ಕೊಳ್ಳುವಾಗ ನೋಡಬೇಕಾದುದು

ಬಣ್ಣ ಹೊಳೆಯುವ ಕಾರನ್ನು ನೋಡಿದಾಗ ಕಣ್ಣು ಬೇಗನೆ ಸೋಲುತ್ತದೆ. ಬಣ್ಣದ ಅಡಿಯಲ್ಲಿ ತುಕ್ಕು ಇದೆಯೋ, ತುಕ್ಕಿನ ಮೇಲೆ ಲಪ್ಪ ಮೆತ್ತಲಾಗಿದೆಯೋ ತಿಳಿಯುವುದಿಲ್ಲ. ಆದ್ದರಿಂದಲೇ ಬಣ್ಣ ಮಾಸಿದ, ಆದರೆ ಕೈಹಾಕದ ಕಾರು ಅನುಭವಿ ಸಂಗ್ರಾಹಕನಿಗೆ ಹೆಚ್ಚು ಪ್ರಿಯ. ಹೊಸ ಬಣ್ಣವನ್ನು ಎಂದು ಬೇಕಾದರೂ ಹೊಡೆಸಬಹುದು. ಕಾರ್ಖಾನೆಯ ಮೂಲ ಬಣ್ಣವನ್ನು ಮತ್ತೆ ತರಲಾಗದು.

ಮೊದಲು ಆರ್‌ಸಿ. ಅದರಲ್ಲಿನ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲೆ ಕೆತ್ತಿದ ಸಂಖ್ಯೆಗಳಿಗೆ ಅಕ್ಷರಶಃ ಹೊಂದಬೇಕು. ಸಂಖ್ಯೆಯನ್ನು ಅರೆದು ಮತ್ತೆ ಕೆತ್ತಿದ ಸುಳಿವು ಕಂಡರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಹಿಂದೆ ಸರಿಯಬೇಕು. ಮಾಲೀಕನು ತೀರಿಕೊಂಡಿದ್ದು ಮಕ್ಕಳು ಮಾರುತ್ತಿದ್ದರೆ, ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು. ಎಲ್ಲ ವಾರಸುದಾರರ ಒಪ್ಪಿಗೆ ಲಿಖಿತದಲ್ಲಿ ಇರಬೇಕು. ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಹಳೆಯ ಸಾಲದ ನಮೂದು ತೀರದೆ ಉಳಿದಿದ್ದರೆ ಅದನ್ನು ತೆಗೆಸುವ ಹೊಣೆ ಮಾರುವವರದು ಎಂಬುದನ್ನು ಕರಾರಿನಲ್ಲಿ ಕಾಣಿಸಬೇಕು. ನೋಂದಣಿ ನವೀಕರಣ ತಪ್ಪಿಹೋಗಿದ್ದರೆ ವಿಳಂಬದ ಶುಲ್ಕವೂ ಇರುತ್ತದೆ. 2022ರ ನಿಯಮದಂತೆ ಖಾಸಗಿ ಕಾರಿಗೆ ತಿಂಗಳಿಗೆ 500 ರೂಪಾಯಿ, ದ್ವಿಚಕ್ರ ವಾಹನಕ್ಕೆ 300 ರೂಪಾಯಿ. ವರ್ಷಗಟ್ಟಲೆ ನಿಂತ ವಾಹನದಲ್ಲಿ ಇದೂ ಬೆಲೆಯ ಒಂದು ಭಾಗವೇ.

ಯಾದಗಿರಿ ಜಿಲ್ಲೆಗೆ ತೆಲಂಗಾಣದ ಗಡಿ ಸಮೀಪ. ಗಡಿಯಾಚೆಯಿಂದ ವಾಹನ ಕೊಂಡರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇರಿಸಿಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಲೇಬೇಕೆಂದು ಕಾಯಿದೆ ಹೇಳುತ್ತದೆ. ತೆರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲು ಯಾದಗಿರಿಯ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ. ಇನ್ನು ನಗದಿನ ವಿಚಾರ. ಹಳೆಯ ವಾಹನದ ವ್ಯವಹಾರ ಕೈಮೇಲೆ ಕೈಯಿಟ್ಟು ನಗದಿನಲ್ಲಿ ಮುಗಿಯುವುದೇ ಹೆಚ್ಚು. ಆದರೆ 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಬ್ಯಾಂಕಿನ ಮೂಲಕ ಕೊಟ್ಟ ಹಣ ಕಾನೂನಿಗೂ ಒಪ್ಪಿತ, ಮುಂದೆ ವಾಹನದ ಚರಿತ್ರೆಗೂ ದಾಖಲೆ.

ವಿಮೆಯ ವಿಷಯದಲ್ಲಿ ಒಂದು ಅನುಕೂಲ ಉಂಟು. ಐದು ವರ್ಷ ದಾಟಿದ ಅಥವಾ ತಯಾರಿಕೆ ನಿಂತ ವಾಹನದ ಮೌಲ್ಯವನ್ನು ವಿಮಾ ಸಂಸ್ಥೆ ಮತ್ತು ಮಾಲೀಕ ಪರಸ್ಪರ ಒಪ್ಪಿ ನಿಗದಿಪಡಿಸಬಹುದು. ಅದಕ್ಕೆ ಛಾಯಾಚಿತ್ರ, ದುರಸ್ತಿಯ ರಸೀತಿ, ತಜ್ಞರ ಮೌಲ್ಯಮಾಪನ ಬೇಕು. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಮೂರನೆಯ ವ್ಯಕ್ತಿಯ ವಿಮಾ ಕಂತಿನಲ್ಲಿ ಶೇ 50 ರಿಯಾಯಿತಿಯನ್ನು 2022ರ ನಿಯಮಗಳು ನೀಡಿವೆ.

ಲೆಕ್ಕ ಹೇಳುವ ಕಥೆ

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆ ಹಳೆಯ ಕಾರಿಗೆ ಹೊಂದುವುದಿಲ್ಲ. ಆನೆಯಂತೆ ಅದು ಮೇವು ಬೇಡುತ್ತದೆ. ಆದರೆ ಸತ್ತರೆ ಗುಜರಿ ಬೆಲೆ ಮಾತ್ರ. ವನದುರ್ಗದ ಒಬ್ಬ ವರ್ತಕನು 1,50,000 ರೂಪಾಯಿಗೆ ಹಳೆಯ ಕಾರೊಂದನ್ನು ಕೊಂಡು, 3,50,000 ರೂಪಾಯಿ ದುರಸ್ತಿಗೆ ಸುರಿದನೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಒಟ್ಟು ಹೂಡಿಕೆ 5 ಲಕ್ಷ. ಇದೇ ಹಣವನ್ನು ಶೇ 7ರ ಚಕ್ರಬಡ್ಡಿಯಲ್ಲಿ ಇಟ್ಟಿದ್ದರೆ 10 ವರ್ಷಕ್ಕೆ ಸುಮಾರು 9.84 ಲಕ್ಷ ಆಗುತ್ತಿತ್ತು. ವರ್ಷಕ್ಕೆ 20,000 ರೂಪಾಯಿಯಂತೆ ನಿರ್ವಹಣೆಯ ಖರ್ಚು 2 ಲಕ್ಷ ಸೇರಿಸಿದರೆ, 10 ವರ್ಷಗಳ ನಂತರ ಆ ಕಾರು 11.84 ಲಕ್ಷಕ್ಕೆ ಮಾರಾಟವಾದರೆ ಮಾತ್ರ ನಷ್ಟವಿಲ್ಲ. ಶೇ 11ರ ಕ್ಯಾಶ್ ಕ್ರೆಡಿಟ್ ಸಾಲದಿಂದ ತೆಗೆದ ಹಣವಾದರೆ ಆ ಗಡಿ 16 ಲಕ್ಷ ದಾಟುತ್ತದೆ. ಸುಗ್ಗಿಯಲ್ಲಿ ಹತ್ತಿ, ತೊಗರಿ ಕೊಳ್ಳಲು ಬೇಕಾದ ಹಣ ಷೆಡ್ಡಿನಲ್ಲಿ ಕಾರಾಗಿ ನಿಂತರೆ ತಪ್ಪಿಹೋಗುವ ವ್ಯಾಪಾರದ ಲಾಭ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿರುವ ಹಳೆಯ ಕಾರಿನ ಲೆಕ್ಕ ಇನ್ನೂ ಸೂಕ್ಷ್ಮವಾದುದು. 1,00,000 ರೂಪಾಯಿಯ ಕಾರಿಗೆ ವರ್ಷಕ್ಕೆ ಶೇ 15ರಂತೆ ಸವಕಳಿ ಕಳೆಯುತ್ತಾ ಬಂದರೆ 40 ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 150 ರೂಪಾಯಿ. ಲೆಕ್ಕಪತ್ರದಲ್ಲಿ ಇಲ್ಲದಂತಾದ ಈ ಕಾರನ್ನು ‘ಬಂದಷ್ಟು ಬರಲಿ’ ಎಂದು ಕೊಟ್ಟುಬಿಡುವುದು ಸಹಜ. ಒಳ್ಳೆಯ ಬೆಲೆಗೆ ಮಾರಿದರೆ ತೆರಿಗೆಯ ಪ್ರಶ್ನೆ ಏಳುತ್ತದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೆಯ ಸಭೆಯ ತೀರ್ಮಾನದಂತೆ, ನೋಂದಾಯಿತ ವ್ಯಾಪಾರಿಯು ಹಳೆಯ ವಾಹನ ಮಾರಿದಾಗ ಲಾಭಾಂಶದ ಮೇಲೆ ಶೇ 18 ತೆರಿಗೆ ಬೀಳುತ್ತದೆ. ಸವಕಳಿ ಪಡೆದ ವಾಹನದಲ್ಲಿ ಮಾರಾಟ ಬೆಲೆಗೂ ಪುಸ್ತಕ ಬೆಲೆಗೂ ಇರುವ ಅಂತರವೇ ಲಾಭಾಂಶ. ಅಂದರೆ ಪುಸ್ತಕದಲ್ಲಿ 150 ರೂಪಾಯಿ ಇರುವ ಕಾರು 3 ಲಕ್ಷಕ್ಕೆ ಮಾರಾಟವಾದರೆ ತೆರಿಗೆ ಸುಮಾರು 54,000 ರೂಪಾಯಿ. ಸ್ವಂತ ಬಳಕೆಗೆಂದು ಖಾಸಗಿ ಹೆಸರಿನಲ್ಲಿ ಇರಿಸಿಕೊಂಡ ಕಾರಿನ ಸ್ಥಿತಿ ಬೇರೆ. ಪದೇ ಪದೇ ಕೊಂಡು ಮಾರುವವರದು ಮತ್ತೂ ಬೇರೆ, ಅದು ವ್ಯಾಪಾರವೇ ಆಗುತ್ತದೆ. ಮಾರುವ ಮಾತು ಆಡುವ ಮೊದಲು ಲೆಕ್ಕಪರಿಶೋಧಕರನ್ನು ಕಾಣುವುದು ಉಚಿತ.

ದಾಖಲೆ ಬೆಲೆಗಳ ಮೋಹ

2022ರ ಮೇ ತಿಂಗಳಿನಲ್ಲಿ ಜರ್ಮನಿಯಲ್ಲಿ 1955ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್‌ಆರ್ ಕಾರು 13.5 ಕೋಟಿ ಯೂರೋಗೆ ಹರಾಜಾಯಿತು. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 1962ರ ಫೆರಾರಿ 250 ಜಿಟಿಒ ಕಾರಿಗೆ 5 ಕೋಟಿ ಡಾಲರಿಗೂ ಮಿಗಿಲಾದ ಬೆಲೆ ಬಂತು. ಮೊದಲನೆಯ ಮಾದರಿಯಲ್ಲಿ ತಯಾರಾದವು ಎರಡೇ ಕಾರುಗಳು. ಎರಡನೆಯದು ಕೂಡ ಕೆಲವು ಹತ್ತುಗಳಷ್ಟೆ. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅಪರೂಪಕ್ಕೆ ಸಲ್ಲುವ ಬೆಲೆಯನ್ನು ಹೇರಳವಾಗಿ ತಯಾರಾದ ವಸ್ತುವಿನಿಂದ ನಿರೀಕ್ಷಿಸುವುದು, ಕೇಸರಿಯ ದರವನ್ನು ಅರಿಸಿನಕ್ಕೆ ಕೇಳಿದಂತೆ.

ಏರಿದ್ದು ಇಳಿಯುವುದೂ ಈ ಪೇಟೆಗೆ ಹೊಸದಲ್ಲ. 1980ರ ದಶಕದ ಕೊನೆಯಲ್ಲಿ ಯುರೋಪ್, ಅಮೆರಿಕಗಳಲ್ಲಿ ಸಟ್ಟಾ ವ್ಯಾಪಾರಿಗಳು ಹಳೆಯ ಕಾರುಗಳ ದರವನ್ನು ಮುಗಿಲಿಗೇರಿಸಿದ್ದರು. 1990ರ ನಂತರ ಅದೇ ದರ ನೆಲಕ್ಕಿಳಿದಾಗ, ಕಾರಿನ ಮೇಲಿನ ಪ್ರೀತಿಯಿಂದ ಕೊಂಡವರ ಬಳಿ ಕಾರಾದರೂ ಉಳಿಯಿತು. ಸಾಲ ತೆಗೆದು ಕೊಂಡವರ ಬಳಿ ಸಾಲ ಮಾತ್ರ ಉಳಿಯಿತು. ಹತ್ತಿಯ ದರದ ಏರಿಳಿತ ಕಂಡ ಶಹಾಪುರ, ಯಾದಗಿರಿಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ವ್ಯತ್ಯಾಸವಿಷ್ಟೆ: ಹತ್ತಿಗೆ ಪ್ರತಿದಿನ ಧಾರಣೆಯಿದೆ, ಕೊಳ್ಳುವವರಿದ್ದಾರೆ, ಹಳೆಯ ಕಾರಿಗೆ ತಕ್ಕ ಗಿರಾಕಿ ಬರುವವರೆಗೆ ಧಾರಣೆಯೇ ಇಲ್ಲ.

ಕೈಗೆಟಕುವ ಸಂಗ್ರಹ

ಹಾಗಾದರೆ ಸಣ್ಣ ಉದ್ದಿಮೆದಾರನಿಗೆ ಈ ಹವ್ಯಾಸವೇ ಬೇಡವೇ? ಬೇಡವೆನ್ನಲಾಗದು. ಪ್ರಮಾಣ ತಿಳಿದು ತೊಡಗಿದರೆ ಸಾಕು. ಕರ್ನಾಟಕದಲ್ಲಿಯೇ ಹುಟ್ಟಿದ ವಾಹನಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಮೋಟಾರ್ ಸೈಕಲ್ಲುಗಳನ್ನೂ, 1970ರ ದಶಕದಿಂದ ಯೆಜ್ದಿ ಹೆಸರಿನ ಬಂಡಿಗಳನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. 50 ವರ್ಷದ ನಿಯಮ ದ್ವಿಚಕ್ರಕ್ಕೂ ಅನ್ವಯಿಸುವುದರಿಂದ 1975ರವರೆಗಿನ ಜಾವಾ, ಯೆಜ್ದಿಗಳು ಈಗಾಗಲೇ ಆ ಗಡಿ ಮುಟ್ಟಿವೆ. ಬೆಂಗಳೂರಿನಲ್ಲಿ ತಯಾರಾದ ಮೂರು ಚಕ್ರದ ಬಾದಲ್ ಮತ್ತು 1980ರ ದಶಕದ ಫೈಬರ್ ಮೈಯ ಸಿಪಾನಿ ಡಾಲ್ಫಿನ್ ಕಾರುಗಳು ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಆದ್ದರಿಂದಲೇ ಇಂದು ಅಪರೂಪ. ಕನ್ನಡ ನೆಲದ ಕೈಗಾರಿಕಾ ಸಾಹಸದ ಸಾಕ್ಷಿಗಳಾಗಿ ಅವುಗಳನ್ನು ಉಳಿಸುವುದಕ್ಕೆ ಅರಮನೆಯ ಐಶ್ವರ್ಯ ಬೇಕಿಲ್ಲ.

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇನ್ನೊಂದು ಉದಾಹರಣೆ. ಆ ನಗರದ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರ್ 30ರಂದು ಕೊನೆಯ ಓಟ ಮುಗಿಸಿತು. ಬೀದಿ ತುಂಬ ಇದ್ದಾಗ ಯಾರೂ ತಿರುಗಿ ನೋಡದ ಕಾರು, ಕೊನೆಯದೊಂದು ಉಳಿದಾಗ ಸುದ್ದಿಯಾಯಿತು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ಕೂಡ 2033ರ ಕೊನೆಗೆ 50 ವರ್ಷ ತುಂಬಿಸಲಿದೆ. ಇಂದಿನ ಸಾಮಾನ್ಯ ವಸ್ತುವೇ ನಾಳಿನ ಪರಂಪರೆ. ಅದನ್ನು ಉಳಿಸುವ ಅಗ್ಗದ ಸಮಯ ಅದು ಸಾಮಾನ್ಯವಾಗಿರುವಾಗಲೇ.

ಸಂಗ್ರಹವನ್ನು ಸಾರ್ವಜನಿಕರ ಮುಂದಿಡುವ ಮೇಲ್ಪಂಕ್ತಿಯೂ ರಾಜ್ಯದಲ್ಲಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಧರ್ಮಸ್ಥಳದಲ್ಲಿ ಬೆಳೆದ ಕಾರುಗಳ ಸಂಗ್ರಹಾಲಯವೂ, ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಲೆಯೆತ್ತಿದ ‘ಪಯಣ’ ಸಂಗ್ರಹಾಲಯವೂ ಸಾಮಾನ್ಯ ಜನರು ಟಿಕೆಟ್ ಕೊಂಡು ನೋಡಬಹುದಾದ ಸ್ಥಳಗಳು. ಕೃಷ್ಣೆಯ ಈಚೆಗೆ, ಕಲ್ಯಾಣ ಕರ್ನಾಟಕದ ದುಡಿಮೆಯ ವಾಹನಗಳ ಕಥೆ ಹೇಳುವ ಇಂತಹ ಪ್ರಯತ್ನಕ್ಕೆ ಸ್ಥಳ ಇನ್ನೂ ಇದೆ.

ಕೈಕಸುಬಿನ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಮಳೆ ತಪ್ಪಿದರೆ ಗುಳೆ ಹೋಗುವ ಜನರಿರುವ ಜಿಲ್ಲೆಯಲ್ಲಿ ಹಳೆಯ ಕಾರಿಗೆ ಲಕ್ಷಗಟ್ಟಲೆ ಸುರಿಯುವುದು ಶೋಕಿಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಹೊಸ ಕಾರಿಗೆ ಕೊಟ್ಟ ಹಣದ ಬಹುಪಾಲು ಜಿಲ್ಲೆಯ ಹೊರಗಿನ ಕಾರ್ಖಾನೆಗೂ ಬ್ಯಾಂಕಿನ ಬಡ್ಡಿಗೂ ಸಲ್ಲುತ್ತದೆ. ಹಳೆಯ ಕಾರಿನ ದುರಸ್ತಿಯ ಹಣದ ದೊಡ್ಡ ಭಾಗ ಟಿಂಕರಿಂಗ್ ಮಾಡುವವನಿಗೆ, ವೆಲ್ಡರಿಗೆ, ಲೇತಿನ ಕೆಲಸಗಾರನಿಗೆ, ಕುಶನ್ ಹೊಲಿಯುವವನಿಗೆ, ವೈರಿಂಗ್ ಬಲ್ಲವನಿಗೆ ಕೂಲಿಯಾಗಿ ತಲುಪುತ್ತದೆ. ತಗಡನ್ನು ಬಡಿದು ಮಡ್‌ಗಾರ್ಡಿನ ಬಾಗು ತರುವ ಹಿರಿಯ ಮೇಸ್ತ್ರಿಯ ವಿದ್ಯೆ ಕಂಪ್ಯೂಟರ್ ನೋಡಿ ಬಿಡಿಭಾಗ ಬದಲಿಸುವ ಇಂದಿನ ಸರ್ವೀಸ್ ಕೇಂದ್ರಗಳಲ್ಲಿ ಕಲಿಯಲು ಸಿಗುವುದಿಲ್ಲ. ಆ ಕೈಗಳು ನಿವೃತ್ತವಾಗುವ ಮೊದಲು ಒಬ್ಬ ಹುಡುಗನಾದರೂ ಅವರ ಬಳಿ ಕಲಿತರೆ, ಹಳೆಯ ವಾಹನಗಳ ದುರಸ್ತಿ ಒಂದು ಸಣ್ಣ ಕೈಗಾರಿಕೆಯೇ ಆಗಬಲ್ಲದು.

ಆ ಕೆಲಸಕ್ಕೆ ಹೊಸ ತಿಳಿವಳಿಕೆಯೂ ಬೇಕು. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ಕೊನೆಗೊಂಡಿತು. ಅದಕ್ಕೆಂದೇ ರೂಪಿಸಿದ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳು ಬೇಗ ಸವೆಯಬಹುದು. ಈಗ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಅದು ಹಳೆಯ ರಬ್ಬರ್ ಕೊಳವೆ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟುಗಳನ್ನು ಹಾಳುಮಾಡಬಲ್ಲದು. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ತೇವಾಂಶ ಹೀರಿ ತುಕ್ಕಿಗೆ ದಾರಿಮಾಡುತ್ತದೆ. ಕೊಳವೆಗಳನ್ನು ಎಥನಾಲ್ ತಾಳುವ ಬಗೆಗೆ ಬದಲಿಸುವುದು, ದೀರ್ಘಕಾಲ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡುವುದು, ಬ್ಯಾಟರಿ ಬಿಚ್ಚಿಡುವುದು, ತಿಂಗಳಿಗೊಮ್ಮೆಯಾದರೂ ಚಕ್ರ ಉರುಳಿಸುವುದು ಹೆಚ್ಚು ಖರ್ಚಿಲ್ಲದ ಎಚ್ಚರಗಳು.

ಮಾಡಬಹುದಾದ ಮೊದಲ ಕೆಲಸ

ವಾಣಿಜ್ಯ ಸಂಘಗಳು ಈ ವಿಷಯದಲ್ಲಿ ದೊಡ್ಡ ಯೋಜನೆಗೆ ಕೈಹಾಕಬೇಕಿಲ್ಲ. ಯಾದಗಿರಿ, ಶಹಾಪುರ, ಸುರಪುರ ಭಾಗದ ಸದಸ್ಯರ ಬಳಿ ಇರುವ 40 ವರ್ಷ ದಾಟಿದ ವಾಹನಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರೆ ಅದೇ ದೊಡ್ಡ ಸೇವೆ. ಮಾದರಿ, ವರ್ಷ, ಎಂಜಿನ್ ಮೂಲದ್ದೋ ಬದಲಿಸಿದ್ದೋ, ಆರ್‌ಸಿಯ ಸ್ಥಿತಿ, ಕೆಲಸ ಬಲ್ಲ ಮೇಸ್ತ್ರಿಗಳ ಹೆಸರು ಇಷ್ಟು ಸಾಕು. ಮಾರಬೇಕೆನ್ನುವವರಿಗೆ ಗುಜರಿಯವನ ಮಾತೇ ಕೊನೆಯ ಬೆಲೆಯಾಗುವುದು ಇದರಿಂದ ತಪ್ಪುತ್ತದೆ. ಕೊಳ್ಳಬೇಕೆನ್ನುವವರಿಗೆ ದೂರದ ದಲ್ಲಾಳಿಯ ಹೊಳೆಯುವ ಬಣ್ಣಕ್ಕೆ ಸೋಲುವುದು ತಪ್ಪುತ್ತದೆ.

ಸದಸ್ಯರು ತಮ್ಮ ಮಟ್ಟದಲ್ಲಿ ಮಾಡಬಹುದಾದುದು ಇನ್ನೂ ಸರಳ. ಷೆಡ್ಡಿನ ಬಾಗಿಲು ತೆರೆದು, ಧೂಳು ಒರೆಸಿ, ಚಾಸಿ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಡನೆ ತಾಳೆ ನೋಡುವುದು. ಹಿರಿಯರ ಹಳೆಯ ಕಿರ್ದಿ ಪುಸ್ತಕಗಳಲ್ಲಿ ಆ ವಾಹನ ಕೊಂಡ ದಿನದ ನಮೂದು, ಟೈರಿನ ರಸೀತಿ, ವಿಮೆಯ ಚೀಟಿ ಸಿಕ್ಕರೆ ಒಂದೇ ಕಡತದಲ್ಲಿ ಇಡುವುದು. ಇದಕ್ಕೆ ಒಂದು ಭಾನುವಾರದ ಬಿಡುವು ಸಾಕು, ಬಂಡವಾಳ ಬೇಕಿಲ್ಲ. ಕಾರನ್ನು ಇಟ್ಟುಕೊಳ್ಳುವುದೋ ಕೊಡುವುದೋ ಎಂಬ ತೀರ್ಮಾನ ಅವರವರಿಗೆ ಬಿಟ್ಟದ್ದು. ಆದರೆ ಏನನ್ನು ಕೊಡುತ್ತಿದ್ದೇವೆ ಎಂದು ತಿಳಿಯದೆ ಕೊಡುವುದು ವರ್ತಕ ಧರ್ಮವಲ್ಲ.